ಕಾಫಿಗೆ ಮುಂಚಿನ ಒಂದು ಗಂಟೆ

ಏಪ್ರಿಲ್ ತಿಂಗಳ ಶಿವಮೊಗ್ಗದ ಸೆಕೆಯಲ್ಲಿ, ಫ್ಯಾನು ಹಾಕಿದೊಡನೆ ಎದ್ದು ಹೋಗಿ ಶಾಲು ಹೊದ್ದು ಬರುವವರನ್ನು ಕಂಡಾಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ದೊಡ್ಡಮ್ಮನಿಗೆ ಆಗ 76 ವರ್ಷ. ದೊಡ್ಡಪ್ಪ ತೀರಿಕೊಂಡ ಮೇಲೆ ತೀರ್ಥಹಳ್ಳಿ ಕಡೆಯ ತೋಟದ ಮನೆಯನ್ನು ಮೈದುನನ ಮಗನಿಗೆ ಒಪ್ಪಿಸಿ ಅವರು ನಮ್ಮ ಮನೆಗೆ ಬಂದು ಒಂದು ವರ್ಷವಾಗಿತ್ತು. ನಡಿಗೆ ನಿಧಾನವಾದದ್ದನ್ನು ನೋಡಿ ವಯಸ್ಸಾಯಿತಲ್ಲ ಎಂದುಕೊಂಡೆವು; ನೆಂಟರ ಹೆಸರುಗಳು ಮರೆಯತೊಡಗಿದಾಗಲೂ ವಯಸ್ಸನ್ನೇ ದೂರಿದೆವು. ಮಲಬದ್ಧತೆಗೆ ಇಸಬ್‌ಗೋಲ್ ತಂದುಕೊಟ್ಟೆ, ಒಣಗಿ ಬಿರಿಯುತ್ತಿದ್ದ ಕೈಕಾಲುಗಳಿಗೆ ಕೊಬ್ಬರಿ ಎಣ್ಣೆ ಹಚ್ಚಿದೆ, ಊಟ ಕಡಿಮೆಯಾಗಿಯೂ ತೂಕ ಏರಿದ್ದಕ್ಕೆ ತೋಟ ಸುತ್ತುವುದು ತಪ್ಪಿಹೋದದ್ದೇ ಕಾರಣವೆಂದು ನಾನೇ ತೀರ್ಮಾನಿಸಿದೆ. ಒಂದೊಂದು ತೊಂದರೆಗೂ ಒಂದೊಂದು ಕಾರಣ ಸುಲಭವಾಗಿ ಸಿಕ್ಕಿದ್ದರಿಂದ, ಎಲ್ಲಕ್ಕೂ ಸೇರಿ ಒಂದೇ ಕಾರಣವಿರಬಹುದೆಂಬುದು ಹೊಳೆಯಲೇ ಇಲ್ಲ.

ಎಚ್ಚರಿಸಿದ್ದು ಅವರ ದನಿ. ಗೌರಿಹಬ್ಬದ ದಿನ ಬೆಳಿಗ್ಗೆ ಹೊಸನಗರದಿಂದ ನನ್ನ ಚಿಕ್ಕಮ್ಮ ಫೋನ್ ಮಾಡಿದಾಗ ದೊಡ್ಡಮ್ಮನೇ ಎತ್ತಿಕೊಂಡಿದ್ದರು. ಸ್ವಲ್ಪ ಹೊತ್ತಿನ ನಂತರ ಚಿಕ್ಕಮ್ಮ ನನ್ನ ಮೊಬೈಲಿಗೆ ಕರೆ ಮಾಡಿ, ‘ನಿಮ್ಮ ಮನೆಯಲ್ಲಿ ಫೋನ್ ತೆಗೆದ ಗಂಡಸು ಯಾರು?’ ಎಂದು ಕೇಳಿದರು. ಅಕ್ಕನ ದನಿ ತಂಗಿಗೇ ಗುರುತಾಗದಷ್ಟು ಗಡಸಾಗಿತ್ತು. ದಿನವೂ ಕೇಳುತ್ತಿದ್ದ ನಮಗೆ ಅದು ಗೊತ್ತಾಗಿರಲಿಲ್ಲ.

ವೈದ್ಯರು ರಕ್ತ ಪರೀಕ್ಷೆಗೆ ಬರೆದುಕೊಡುವ ಮೊದಲೇ ಅರ್ಧ ರೋಗವನ್ನು ನೋಡಿಯೇ ಹೇಳಿಬಿಟ್ಟರು. ಊದಿಕೊಂಡ ರೆಪ್ಪೆಗಳನ್ನೂ, ಹೊರತುದಿಯಲ್ಲಿ ಕೂದಲುದುರಿ ಅರ್ಧಕ್ಕೇ ನಿಂತಂತೆ ಕಾಣುತ್ತಿದ್ದ ಹುಬ್ಬುಗಳನ್ನೂ ಗಮನಿಸಿದರು, ನಾಡಿ ಎಣಿಸಿ 54 ಎಂದು ಬರೆದುಕೊಂಡರು, ಮಂಚದ ಮೇಲೆ ಮಲಗಿಸಿ ಹಿಮ್ಮಡಿಯ ಮೇಲ್ಭಾಗಕ್ಕೆ ರಬ್ಬರ್ ಸುತ್ತಿಗೆಯಿಂದ ಮೆಲ್ಲನೆ ತಟ್ಟಿದರು. ಪಾದ ಥಟ್ಟನೆ ಕೆಳಗೆ ಬಾಗಿತು. ಆದರೆ ಮೊದಲಿನ ಜಾಗಕ್ಕೆ ಮರಳಲು ಯೋಚಿಸಿಕೊಂಡು ಹೊರಟಂತೆ ತಡಮಾಡಿತು. ಎರಡು ದಿನಗಳ ನಂತರ ಬಂದ ವರದಿಯಲ್ಲಿ ಟಿಎಸ್‌ಎಚ್ ಇರಬೇಕಾದ್ದಕ್ಕಿಂತ ಬಹಳ ಮೇಲೆ, 38 ಇತ್ತು, ಟಿ4 ಅಂದರೆ ಥೈರಾಕ್ಸಿನ್ ಇರಬೇಕಾದ ಮಟ್ಟಕ್ಕಿಂತ ಸಾಕಷ್ಟು ಕೆಳಗಿತ್ತು, ಥೈರಾಯ್ಡ್ ಗ್ರಂಥಿಯ ವಿರುದ್ಧ ದೇಹವೇ ತಯಾರಿಸಿಕೊಳ್ಳುವ ಪ್ರತಿಕಾಯಗಳೂ ಕಂಡುಬಂದಿದ್ದವು. ಕೊಲೆಸ್ಟರಾಲ್ ಕೂಡ ಏರಿತ್ತು. ಅದಕ್ಕೊಂದು ಮಾತ್ರೆ ಬೇಡವೇ ಎಂದು ನಾನು ಕೇಳಿದಾಗ, ಥೈರಾಯ್ಡ್ ಕೊರತೆಯಿಂದಲೇ ಕೊಲೆಸ್ಟರಾಲ್ ಏರುವುದುಂಟು, ಮೊದಲು ಇದು ಸರಿಯಾಗಲಿ, ಆಮೇಲೆ ನೋಡೋಣ ಎಂದರು. ಹೊಸ ಮಾತ್ರೆಗಳನ್ನು ಬೇಗ ಬರೆಯದ ವೈದ್ಯರು ಸಿಕ್ಕಿದ್ದು ನಮ್ಮ ಪುಣ್ಯ.

ಮನೆಗೆ ಬಂದ ಮೇಲೆ ಇದೆಲ್ಲವನ್ನೂ ದೊಡ್ಡಮ್ಮನಿಗೆ ವಿವರಿಸುವ ಕೆಲಸ ನನ್ನ ಪಾಲಿಗೆ ಬಂತು. ಅವರು ಅರ್ಥವಾಗದ ಔಷಧಿಯನ್ನು ನುಂಗುವವರಲ್ಲ. ಕುತ್ತಿಗೆಯ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿಯನ್ನು ತೋಟದ ಆಳಿಗೂ, ಮಿದುಳಿನ ಬುಡದಲ್ಲಿ ಕೂತಿರುವ ಪಿಟ್ಯುಟರಿ ಗ್ರಂಥಿಯನ್ನು ಮೇಸ್ತ್ರಿಗೂ ಹೋಲಿಸಿದೆ. ಆಳು ಥೈರಾಕ್ಸಿನ್ ತಯಾರಿಸಬೇಕು. ಹೃದಯದ ಬಡಿತ, ಮೈಯ ಬಿಸಿ, ಕರುಳಿನ ಚಲನೆ, ಮನಸ್ಸಿನ ಚುರುಕು ಎಲ್ಲವೂ ಅದರ ಮೇಲೆ ನಿಂತಿವೆ. ಆಳು ಸೋತಷ್ಟೂ ಮೇಸ್ತ್ರಿ ಜೋರಾಗಿ ಕೂಗುತ್ತಾನೆ, ಆ ಕೂಗೇ ಟಿಎಸ್‌ಎಚ್. ಮಾತ್ರೆಯ ರೂಪದಲ್ಲಿ ಬದಲಿ ಆಳು ಬಂದು ಕೆಲಸ ಸಾಗತೊಡಗಿದರೆ ಕೂಗು ತಾನಾಗಿ ತಗ್ಗುತ್ತದೆ. ದೊಡ್ಡಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದ್ರೆ ಅವರು ಅಳೆಯೋದು ಕೂಗನ್ನ, ಕೆಲಸಾನ ಅಲ್ಲ ಅಂತಾಯ್ತು’ ಎಂದರು. ಆ ಮಾತಿನ ತೂಕ ನನಗೆ ಪೂರ್ತಿಯಾಗಿ ಗೊತ್ತಾಗಲು ಒಂದೂವರೆ ವರ್ಷ ಬೇಕಾಯಿತು.

ಥೈರಾಕ್ಸಿನ್ ಮಾತ್ರೆಯಾದ ಲಿವೋಥೈರಾಕ್ಸಿನ್ 25 ಮೈಕ್ರೋಗ್ರಾಂನಿಂದ ಚಿಕಿತ್ಸೆ ಶುರುವಾಯಿತು. ಗಟ್ಟಿಮುಟ್ಟಾದ ಹರೆಯದವರಿಗಾದರೆ ದೇಹದ ತೂಕದ ಕಿಲೋ ಒಂದಕ್ಕೆ ಸುಮಾರು 1.6 ಮೈಕ್ರೋಗ್ರಾಂ ಲೆಕ್ಕದಲ್ಲಿ ಮೊದಲ ದಿನದಿಂದಲೇ ಪೂರ್ಣ ಪ್ರಮಾಣ ಕೊಡುವುದುಂಟು. ವಯಸ್ಸಾದವರಿಗೆ, ಅದರಲ್ಲೂ ಹೃದಯದ ತೊಂದರೆ ಇರುವವರಿಗೆ, 12.5 ಅಥವಾ 25ರಿಂದ ಆರಂಭಿಸಿ ಕೆಲವು ವಾರಗಳಿಗೊಮ್ಮೆ ಏರಿಸುತ್ತಾರೆ, ಏಕೆಂದರೆ ಬಹುಕಾಲ ನಿಧಾನವಾಗಿ ನಡೆದ ಹೃದಯವನ್ನು ಒಮ್ಮೆಲೇ ಓಡಿಸಿದರೆ ಅದಕ್ಕೆ ಬೇಕಾಗುವಷ್ಟು ರಕ್ತ ಒದಗದೆ ಎದೆನೋವು ಬರಬಹುದು. ಈ ಔಷಧಿ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಏಳು ದಿನ ಬೇಕಾಗುವುದರಿಂದ, ಪ್ರಮಾಣ ಬದಲಿಸಿದ ಮೇಲೆ ಅದರ ಫಲ ವರದಿಯಲ್ಲಿ ನೆಲೆಗೊಳ್ಳಲು ಆರರಿಂದ ಎಂಟು ವಾರ ಬೇಕು. ಹದಿನೈದನೆಯ ದಿನಕ್ಕೇ ಪರೀಕ್ಷೆ ಮಾಡಿಸಲು ಹೊರಟ ನನ್ನನ್ನು ವೈದ್ಯರು ವಾಪಸು ಕಳುಹಿಸಿದ್ದರು. ಒಂದು ದಿನ ಮಾತ್ರೆ ಮರೆತರೆ ಲೋಕ ಮುಳುಗುವುದಿಲ್ಲ ಎಂಬುದಕ್ಕೂ ಇದೇ ಕಾರಣ. ಮರೆತದ್ದನ್ನು ಸರಿದೂಗಿಸಲು ಮಾರನೆಯ ದಿನ ಎರಡು ನುಂಗಿಸಬೇಡಿ ಎಂದೂ ಅವರು ಹೇಳಿದ್ದರು.

ಮೊದಲ ಮಾತ್ರೆ ನುಂಗುವ ಮುನ್ನ ದೊಡ್ಡಮ್ಮನ ಒಂದು ಪ್ರಶ್ನೆ ಬಾಕಿ ಇತ್ತು. ‘ಇದನ್ನ ಎಂತದರಿಂದ ಮಾಡ್ತಾರೆ?’ ಮಡಿ ಹೆಂಗಸಿನ ಈ ಪ್ರಶ್ನೆಯನ್ನು ತಮಾಷೆಯೆಂದು ತಳ್ಳಿಹಾಕುವಂತಿರಲಿಲ್ಲ, ಏಕೆಂದರೆ ಈ ಚಿಕಿತ್ಸೆ ಹುಟ್ಟಿದ್ದೇ ಕುರಿಯಿಂದ. ಇಂಗ್ಲೆಂಡಿನ ಜಾರ್ಜ್ ಮರ್ರೆ ಎಂಬ ವೈದ್ಯ 1891ರಲ್ಲಿ, ಇದೇ ಕೊರತೆಯಿಂದ ಬಳಲಿ ಹಾಸಿಗೆ ಹಿಡಿಯುವಂತಾಗಿದ್ದ 46 ವರ್ಷದ ಹೆಂಗಸಿಗೆ ಕುರಿಯ ಥೈರಾಯ್ಡ್ ಗ್ರಂಥಿಯ ರಸವನ್ನು ಚುಚ್ಚುಮದ್ದಾಗಿ ಕೊಟ್ಟು ಗುಣ ಕಂಡರು. ಆಕೆ ಮುಂದೆ ಅದನ್ನು ಬಾಯಿಯ ಮೂಲಕ ಕುಡಿಯುತ್ತ 1919ರವರೆಗೆ, ತನ್ನ 74ನೆಯ ವಯಸ್ಸಿನವರೆಗೆ ಬದುಕಿದರು; ಅಷ್ಟು ವರ್ಷಗಳಲ್ಲಿ ಆಕೆಗಾಗಿ ಖರ್ಚಾದ ಕುರಿಗಳು 870ಕ್ಕೂ ಹೆಚ್ಚು. ಥೈರಾಕ್ಸಿನ್ ಎಂಬ ವಸ್ತುವನ್ನು ಗ್ರಂಥಿಯಿಂದ ಮೊದಲು ಬೇರ್ಪಡಿಸಿದ್ದು ಅಮೆರಿಕದ ಎಡ್ವರ್ಡ್ ಕೆಂಡಲ್, 1914ರಲ್ಲಿ. ಹ್ಯಾರಿಂಗ್ಟನ್ ಮತ್ತು ಬಾರ್ಜರ್ ಎಂಬಿಬ್ಬರು ಅದನ್ನು ಪ್ರಯೋಗಾಲಯದಲ್ಲೇ ತಯಾರಿಸಿದ್ದು 1927ರಲ್ಲಿ. ಈಗ ನಾವು ಕೊಳ್ಳುವ ಲಿವೋಥೈರಾಕ್ಸಿನ್ ಹೀಗೆ ರಾಸಾಯನಿಕವಾಗಿ ತಯಾರಾದದ್ದು, ಅದಕ್ಕಾಗಿ ಯಾವ ಕುರಿಯೂ ಸಾಯುವುದಿಲ್ಲ ಎಂದ ಮೇಲೆ ದೊಡ್ಡಮ್ಮ ಒಪ್ಪಿದರು. 870 ಕುರಿಗಳ ಲೆಕ್ಕ ಮಾತ್ರ ಅವರ ಮನಸ್ಸಿನಲ್ಲಿ ಉಳಿದುಬಿಟ್ಟಿತು. ಈಗಲೂ ಬಂದವರಿಗೆಲ್ಲ ಹೇಳುತ್ತಾರೆ.

ಇನ್ನು ಉಳಿದದ್ದು ಹೊತ್ತಿನ ಪ್ರಶ್ನೆ. ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ಬರಿಯ ನೀರಿನ ಜೊತೆ ತೆಗೆದುಕೊಳ್ಳಬೇಕು, ಆಮೇಲೆ ಅರ್ಧದಿಂದ ಒಂದು ಗಂಟೆ ಏನನ್ನೂ ತಿನ್ನಬಾರದು, ಕಾಫಿಯನ್ನೂ ಕುಡಿಯಬಾರದು. ಕಾಫಿ ಮಾತ್ರೆಯ ಹೀರಿಕೆಯನ್ನು ಕಡಿಮೆ ಮಾಡುತ್ತದೆ. ಮಲೆನಾಡಿನ ಮನೆಯಲ್ಲಿ ಎದ್ದ ಮೇಲೆ ಒಂದು ಗಂಟೆ ಕಾಫಿಯಿಲ್ಲದೆ ಇರಿ ಎನ್ನುವುದು ಸಣ್ಣ ಮಾತಲ್ಲ, ಆದರೆ ನಮ್ಮಲ್ಲಿ ಅಡ್ಡಿಯಾದದ್ದು ಕಾಫಿಯಲ್ಲ. ಸ್ನಾನವಾಗದೆ ದೊಡ್ಡಮ್ಮ ಬಾಯಿಗೆ ನೀರು ಹಾಕುವವರಲ್ಲ. ಔಷಧಿಗೆ ಮೈಲಿಗೆಯಿಲ್ಲ, ಅದು ಗಂಗೋದಕಕ್ಕೆ ಸಮ ಎಂದು ನಾನು ಶಾಸ್ತ್ರ ಹೇಳಲು ಹೋಗಿ, ‘ನನಗೆ ಶಾಸ್ತ್ರ ಕಲಿಸಬೇಡ ಪುಟ್ಟೀ’ ಎಂಬ ಉತ್ತರ ಪಡೆದೆ. ಐವತ್ತು ದಾಟಿದ ನಾನು ಅವರಿಗೆ ಇನ್ನೂ ಪುಟ್ಟಿಯೇ. ರಾತ್ರಿ ಊಟವಾಗಿ ಮೂರು ಗಂಟೆಯ ನಂತರ, ಮಲಗುವ ಹೊತ್ತಿಗೆ ತೆಗೆದುಕೊಂಡರೂ ಆಗುತ್ತದೆ ಎಂದು ವೈದ್ಯರು ದಾರಿ ತೋರಿಸಿದ್ದರು, ಆದರೆ ಮಲಗುವ ಮುನ್ನ ಬಾಳೆಹಣ್ಣು ಮತ್ತು ಹಾಲು ಅವರಿಗೆ ತಪ್ಪುವಂತಿರಲಿಲ್ಲ.

ಕೊನೆಗೆ ದಾರಿ ಕಂಡುಕೊಂಡವರು ಅವರೇ. ಸ್ನಾನ ಮುಗಿಸಿ ಬಂದವರು ದೀಪ ಹಚ್ಚುವ ಮೊದಲು ಮಾತ್ರೆ ನುಂಗುತ್ತಾರೆ. ಹೂ ಕೊಯ್ದು, ಪೂಜೆ ಮುಗಿಸಿ, ತುಳಸಿಗೆ ಸುತ್ತು ಬಂದು ಅಡುಗೆಮನೆಗೆ ಕಾಲಿಡುವ ಹೊತ್ತಿಗೆ ಒಂದು ಗಂಟೆ ಕಳೆದಿರುತ್ತದೆ. ಗಡಿಯಾರ ನೋಡುವ ಪ್ರಮೇಯವೇ ಇಲ್ಲ. ವಯಸ್ಸಾದವರಿಗೆ ಹೊಸ ದಿನಚರಿಯನ್ನು ಹೊಲಿದು ತೊಡಿಸುವುದಕ್ಕಿಂತ ಅವರ ಹಳೆಯ ದಿನಚರಿಯಲ್ಲೇ ಮಾತ್ರೆಗೊಂದು ಸಂದು ಹುಡುಕುವುದು ಎಷ್ಟೋ ಮೇಲು.

ಇಷ್ಟು ಚೆನ್ನಾಗಿ ನಡೆಯುತ್ತಿದ್ದುದನ್ನು ಕೆಡಿಸಿದವಳು ನಾನು. ಮಂಡಿನೋವಿಗೆಂದು ತೋರಿಸಿದ ಮೂಳೆ ವೈದ್ಯರು ಕ್ಯಾಲ್ಸಿಯಂ ಮಾತ್ರೆ ಬರೆದಿದ್ದರು, ರಕ್ತದೊತ್ತಡದ ಮಾತ್ರೆ ಮೊದಲಿನಿಂದಲೂ ಇತ್ತು. ಎಲ್ಲವೂ ಅಚ್ಚುಕಟ್ಟಾಗಿರಲೆಂದು ವಾರದ ಏಳು ದಿನಗಳ ಖಾನೆಗಳಿರುವ ಒಂದು ಪ್ಲಾಸ್ಟಿಕ್ ಡಬ್ಬಿ ತಂದು, ಪ್ರತಿ ಭಾನುವಾರ ಬೆಳಗಿನ ಖಾನೆಗಳಿಗೆ ಮೂರೂ ಮಾತ್ರೆಗಳನ್ನು ಒಟ್ಟಿಗೆ ತುಂಬಿಡತೊಡಗಿದೆ. ಕ್ಯಾಲ್ಸಿಯಂ ಹೊಟ್ಟೆಯಲ್ಲಿ ಥೈರಾಕ್ಸಿನ್ ಅನ್ನು ಹಿಡಿದುಕೊಂಡು ರಕ್ತಕ್ಕೆ ಸೇರದಂತೆ ಮಾಡುತ್ತದೆ, ಕಬ್ಬಿಣದ ಮಾತ್ರೆಯೂ ಹಾಗೆಯೇ, ಎರಡಕ್ಕೂ ನಾಲ್ಕು ಗಂಟೆಯ ಅಂತರ ಬೇಕು ಎಂಬುದು ನನಗೆ ತಿಳಿದಿರಲಿಲ್ಲ. ಎರಡು ಬೇರೆ ವೈದ್ಯರು ಎರಡು ಬೇರೆ ಚೀಟಿಗಳಲ್ಲಿ ಬರೆದ ಮಾತ್ರೆಗಳು ಒಂದೇ ಖಾನೆಯಲ್ಲಿ ಸಂಧಿಸಿದ್ದು ಇಬ್ಬರಿಗೂ ಗೊತ್ತಿರಲಿಲ್ಲ. ಹಾಗಾಗಿ 50 ಮೈಕ್ರೋಗ್ರಾಂನಲ್ಲಿ 12ಕ್ಕೆ ಇಳಿದಿದ್ದ ಟಿಎಸ್‌ಎಚ್, 75ಕ್ಕೆ ಏರಿಸಿದರೂ 11ರಲ್ಲೇ ನಿಂತಿತು, 100 ಕೊಟ್ಟರೂ 9ಕ್ಕಿಂತ ಕೆಳಗಿಳಿಯಲಿಲ್ಲ. ಪ್ರತಿ ಬಾರಿಯೂ ಪ್ರಮಾಣ ಸಾಲದೆಂದೇ ಎಲ್ಲರೂ ತಿಳಿದೆವು.

ಗುಟ್ಟು ಒಡೆದದ್ದು ನಮ್ಮ ಬೀದಿಯ ಔಷಧ ಅಂಗಡಿಯಲ್ಲಿ. ಎರಡೂ ಚೀಟಿಗಳನ್ನು ಒಟ್ಟಿಗೆ ಕೊಟ್ಟ ದಿನ ಅಂಗಡಿಯವರು, ‘ಇವೆರಡನ್ನೂ ಒಟ್ಟಿಗೆ ಕೊಡ್ತಿಲ್ಲ ಅಲ್ವಾ ಮೇಡಂ?’ ಎಂದು ಸುಮ್ಮನೆ ವಿಚಾರಿಸಿದರು. ಅಂದಿನಿಂದ ಕ್ಯಾಲ್ಸಿಯಂ ರಾತ್ರಿ ಊಟದ ನಂತರಕ್ಕೆ ಹೋಯಿತು. ತಪ್ಪು ತಿದ್ದಿಕೊಂಡೆನೆಂಬ ಸಮಾಧಾನದಲ್ಲಿ ಅದಕ್ಕಿಂತ ದೊಡ್ಡ ತಪ್ಪೊಂದನ್ನು ಮಾಡಿದೆ: ಹೊತ್ತು ಬದಲಿಸಿದ್ದನ್ನು ವೈದ್ಯರಿಗೆ ತಿಳಿಸಲಿಲ್ಲ. ಕ್ಯಾಲ್ಸಿಯಂ ಕಿತ್ತುಕೊಳ್ಳುತ್ತಿದ್ದ ಪಾಲನ್ನೂ ಸೇರಿಸಿ ಏರಿಸಿದ್ದ 100 ಮೈಕ್ರೋಗ್ರಾಂ ಈಗ ಅಡ್ಡಿಯಿಲ್ಲದೆ ರಕ್ತಕ್ಕೆ ಸೇರತೊಡಗಿತು.

ಎರಡು ತಿಂಗಳಲ್ಲಿ ದೊಡ್ಡಮ್ಮ ತೆಳುವಾದರು. ಅದನ್ನು ನಾವು ಗುಣವೆಂದೇ ಭಾವಿಸಿ ಸಂತೋಷಪಟ್ಟೆವು. ರಾತ್ರಿ ಎರಡು ಗಂಟೆಗೆ ಎದ್ದು ಕೂರುತ್ತಿದ್ದರು, ಎದೆ ಡವಗುಟ್ಟುತ್ತದೆ ಎನ್ನುತ್ತಿದ್ದರು. ಒಂದು ಸಂಜೆ ದೀಪಕ್ಕೆ ಬತ್ತಿ ಹಾಕುವಾಗ ಅವರ ಬೆರಳುಗಳು ನಡುಗುತ್ತಿದ್ದುದನ್ನು ಕಂಡು ನನಗೆ ಭಯವಾಯಿತು. ಟಿಎಸ್‌ಎಚ್ 0.06 ಎಂದು ವರದಿ ಬಂತು. ಮೇಸ್ತ್ರಿಯ ಬಾಯಿ ಪೂರ್ತಿ ಕಟ್ಟಿಹೋಗಿತ್ತು. ಬೇಕಾದ್ದಕ್ಕಿಂತ ಹೆಚ್ಚು ಆಳುಗಳು ತೋಟಕ್ಕೆ ನುಗ್ಗಿದ್ದರು. ಇಸಿಜಿಯಲ್ಲಿ ಬಡಿತ ವೇಗವಾಗಿದ್ದರೂ ಲಯ ತಪ್ಪಿರಲಿಲ್ಲವೆಂಬುದೇ ಸಮಾಧಾನ. ಹೆಚ್ಚಿನ ಥೈರಾಕ್ಸಿನ್ ಬಹುಕಾಲ ಮುಂದುವರಿದರೆ ವಯಸ್ಸಾದವರಲ್ಲಿ ಹೃದಯದ ಮೇಲ್ಕೋಣೆಗಳು ಲಯ ತಪ್ಪಿ ಅದುರತೊಡಗುವ ಅಪಾಯವಿದೆ, ಅದರಿಂದ ಪಾರ್ಶ್ವವಾಯುವಿನ ಸಾಧ್ಯತೆಯೂ ಹೆಚ್ಚುತ್ತದೆ, ಮೂಳೆಗಳೂ ಸವೆಯುತ್ತವೆ ಎಂದು ವೈದ್ಯರು ವಿವರಿಸಿದರು. ಮೂಳೆ ಗಟ್ಟಿಯಾಗಲೆಂದು ಕೊಟ್ಟ ಕ್ಯಾಲ್ಸಿಯಂನಿಂದ ಶುರುವಾದ ಕಥೆ ಮೂಳೆ ಸವೆಸುವ ಹಂತಕ್ಕೆ ಬಂದು ನಿಂತಿತ್ತು. ಪ್ರಮಾಣವನ್ನು 75ಕ್ಕೂ, ಮುಂದಿನ ಪರೀಕ್ಷೆಯ ನಂತರ 62.5ಕ್ಕೂ ಇಳಿಸಿದರು. ಅಂದಿನಿಂದ ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಪ್ರಮಾಣ, ಟಿಎಸ್‌ಎಚ್, ನಾಡಿ, ತೂಕ, ಹೊಸದಾಗಿ ಸೇರಿದ ಅಥವಾ ಹೊತ್ತು ಬದಲಾದ ಯಾವುದೇ ಮಾತ್ರೆ, ಎಲ್ಲವನ್ನೂ ಬರೆದಿಡುತ್ತಿದ್ದೇನೆ. ಯಾವ ವೈದ್ಯರಲ್ಲಿಗೆ ಹೋದರೂ ಆ ಪುಸ್ತಕ ಜೊತೆಗೆ ಹೋಗುತ್ತದೆ.

62.5ರಲ್ಲಿ ಬಂದ ಟಿಎಸ್‌ಎಚ್ 5.4. ಪ್ರಯೋಗಾಲಯದ ಮೇಲ್ಮಿತಿ 4.2 ಆದ್ದರಿಂದ ಅಂಕಿಯನ್ನು ದಪ್ಪಕ್ಷರದಲ್ಲಿ ಮುದ್ರಿಸಿ ಪಕ್ಕದಲ್ಲೊಂದು ನಕ್ಷತ್ರ ಹಾಕಿದ್ದರು. ಆ ನಕ್ಷತ್ರವನ್ನು ಅಳಿಸಿಹಾಕಬೇಕೆಂಬ ಹಟ ನನಗಿತ್ತು, ಮತ್ತೆ 75 ಮಾಡಬಾರದೇ ಎಂದು ಕೇಳಿಯೂ ಕೇಳಿದೆ. ವೈದ್ಯರು ವರದಿಯನ್ನು ಬದಿಗಿಟ್ಟು ದೊಡ್ಡಮ್ಮನನ್ನೇ ಮಾತಿಗೆಳೆದರು: ನಿದ್ರೆ ಬರುತ್ತದೆಯೇ, ಹೊಟ್ಟೆ ಸಲೀಸಾಗಿದೆಯೇ, ಚಳಿಯೇ, ಮೆಟ್ಟಿಲು ಹತ್ತುತ್ತೀರಾ. ಎಲ್ಲವೂ ಸರಿಯಾಗಿತ್ತು. ವಯಸ್ಸಾದಂತೆ ಆರೋಗ್ಯವಂತರಲ್ಲೂ ಟಿಎಸ್‌ಎಚ್ ಸ್ವಲ್ಪ ಏರುತ್ತದೆ. ಅಮೆರಿಕದ ಥೈರಾಯ್ಡ್ ಸಂಘದ 2014ರ ಮಾರ್ಗಸೂಚಿ ಕೂಡ 70-80 ದಾಟಿದವರಿಗೆ 4ರಿಂದ 6ರ ನಡುವಿನ ಗುರಿಯನ್ನು ಸೂಚಿಸುತ್ತದೆ. ಯುರೋಪಿನಲ್ಲಿ 65 ದಾಟಿದ 737 ಜನರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಂತೂ, ಟಿ4 ಸರಿಯಿದ್ದು ಟಿಎಸ್‌ಎಚ್ ಮಾತ್ರ ತುಸು ಏರಿದ್ದವರಿಗೆ ಮಾತ್ರೆ ಕೊಟ್ಟದ್ದರಿಂದ ಆಯಾಸವಾಗಲಿ ಇತರ ಲಕ್ಷಣಗಳಾಗಲಿ ಕಡಿಮೆಯಾದದ್ದು ಕಾಣಲಿಲ್ಲ. ದೊಡ್ಡಮ್ಮನ 38ಕ್ಕೂ ಕುಸಿದ ಟಿ4ಗೂ ಆ ಮಾತು ಅನ್ವಯಿಸುವುದಿಲ್ಲ, ಅವರಿಗೆ ಮಾತ್ರೆ ಬೇಕೇ ಬೇಕು. ಆದರೆ 5.4ನ್ನು 2ಕ್ಕೆ ತರಬೇಕೆಂಬ ನನ್ನ ಹಟಕ್ಕೆ ಅದರಲ್ಲಿ ಉತ್ತರವಿತ್ತು. ಮುದಿ ಮೇಸ್ತ್ರಿ ಅಭ್ಯಾಸಬಲದಿಂದ ಸ್ವಲ್ಪ ಜೋರಾಗಿಯೇ ಮಾತಾಡುತ್ತಾನೆ, ತೋಟ ನೋಡಿ, ಕೂಗು ಕೇಳಬೇಡಿ ಎಂದು ದೊಡ್ಡಮ್ಮ ಮೊದಲ ದಿನವೇ ಹೇಳಿದಂತಿತ್ತು. ವೈದ್ಯರು ಹೇಳಿದ್ದಂತೆ ಕೊಲೆಸ್ಟರಾಲ್ ತಾನಾಗಿಯೇ ಇಳಿದಿತ್ತು.

ನೆಂಟರ ಸಲಹೆಗಳ ಬಗ್ಗೆ ಬರೆಯದಿದ್ದರೆ ಈ ಕಥೆ ಅಪೂರ್ಣ. ಒಬ್ಬರು ಎಲೆಕೋಸು, ಹೂಕೋಸುಗಳನ್ನು ಮನೆಗೇ ತರಬಾರದೆಂದರು. ಬೇಯಿಸಿ ಹದವಾಗಿ ತಿನ್ನುವುದಕ್ಕೆ ಅಡ್ಡಿಯಿಲ್ಲವೆಂದು ತಿಳಿದ ಮೇಲೆ ಪಲ್ಯ ಮರಳಿ ಬಂತು. ವಾಟ್ಸ್ಆ್ಯಪ್‌ನಲ್ಲಿ ಬಂದ ಕೊತ್ತಂಬರಿ ಬೀಜದ ಕಷಾಯಕ್ಕೂ ನನ್ನ ವಿರೋಧವಿಲ್ಲ, ಮಾತ್ರೆಯ ಬದಲಿಗೆ ಅಥವಾ ಮಾತ್ರೆಯ ಜೊತೆಗೆ ಬೇಡ ಎಂಬುದಷ್ಟೇ ನನ್ನ ಷರತ್ತು. ಉಪ್ಪಿನ ವಿಷಯದಲ್ಲಿ ಮಾತ್ರ ದೊಡ್ಡಮ್ಮನ ಜೊತೆ ನಿಜವಾದ ವಾದವೇ ನಡೆಯಿತು. ಅವರು ಚಿಕ್ಕವರಿದ್ದಾಗ ಊರ ಕಡೆ ಗಳಗಂಡದ ಹೆಂಗಸರನ್ನು ಕಂಡಿದ್ದರು. ಅಯೋಡಿನ್ ಕೊರತೆಯಿಂದ ಬರುತ್ತಿದ್ದ ಆ ರೋಗವನ್ನು ತಡೆಯಲು ಸರ್ಕಾರ 1962ರಲ್ಲೇ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿತ್ತು, ಪ್ಯಾಕೆಟ್ಟಿನ ಉಪ್ಪಿಗೆ ಅಯೋಡಿನ್ ಬಂದದ್ದು ಅದರ ಫಲ. ಹಾಗಾದರೆ ಆ ಉಪ್ಪನ್ನೇ ಇನ್ನೊಂದು ಚಮಚ ಹೆಚ್ಚು ಹಾಕಿದರೆ ಮಾತ್ರೆ ಏಕೆ ಎಂಬುದು ಅವರ ವಾದ. ಅವರ ಗ್ರಂಥಿ ಸೋತಿರುವುದು ಅಯೋಡಿನ್ ಸಿಗದೆ ಅಲ್ಲ, ದೇಹವೇ ಅದರ ಮೇಲೆ ತಿರುಗಿಬಿದ್ದದ್ದರಿಂದ; ಹೆಚ್ಚಿನ ಉಪ್ಪಿನಿಂದ ರಕ್ತದೊತ್ತಡ ಏರುವುದಷ್ಟೇ ಲಾಭ. ಇದನ್ನು ಅವರು ಒಪ್ಪಿದರೋ ಸುಮ್ಮನಾದರೋ ಇಂದಿಗೂ ನನಗೆ ಗೊತ್ತಿಲ್ಲ. ವರದಿ ಸರಿಬಂದಿದೆಯಲ್ಲ, ಇನ್ನು ಮಾತ್ರೆ ನಿಲ್ಲಿಸಬಾರದೇ ಎಂದು ಕೇಳಿದ ಬಂಧುವೊಬ್ಬರಿಗೆ ಉತ್ತರ ಕೊಟ್ಟವರು ದೊಡ್ಡಮ್ಮನೇ: ‘ಬದಲಿ ಆಳನ್ನ ಮನೆಗೆ ಕಳಿಸಿದ್ರೆ ಕೆಲಸ ಯಾರು ಮಾಡ್ತಾರೆ?’

ಕಳೆದ ಮಳೆಗಾಲದಲ್ಲಿ ಅವರು ಎರಡು ತಿಂಗಳು ಊರಿಗೆ ಹೋಗಿದ್ದರು. ನೋಡಲು ಹೋದಾಗ ಮಾತ್ರೆಯ ಸೀಸೆ ಖಾಲಿಯಾಗಿ ಕಿಟಕಿಯಲ್ಲಿತ್ತು. ಮಾತ್ರೆಗಳೆಲ್ಲ ಒಂದು ಹಳೆಯ ಸ್ಟೀಲ್ ಭರಣಿಗೆ ವರ್ಗವಾಗಿ ಬಚ್ಚಲಿನ ಗೋಡೆಯ ಗೂಡಿನಲ್ಲಿದ್ದವು, ಸ್ನಾನವಾದೊಡನೆ ಕೈಗೆ ಸಿಗಲೆಂದು. ಜುಲೈ ತಿಂಗಳ ತೀರ್ಥಹಳ್ಳಿಯ ಥಂಡಿಯಲ್ಲಿ, ಹಂಡೆಯ ಹಬೆಯ ಪಕ್ಕದಲ್ಲಿ! ಲಿವೋಥೈರಾಕ್ಸಿನ್ ತೇವ, ಬೆಳಕು, ಶಾಖ ಮೂರಕ್ಕೂ ಬೇಗ ಕೆಡುತ್ತದೆ. ಸೀಸೆಯೊಳಗಿನ ತೇವ ಹೀರುವ ಸಣ್ಣ ಪೊಟ್ಟಣವನ್ನು ಎಸೆಯಬಾರದೆಂಬುದು ಅದಕ್ಕೇ. ಹೊಸ ಸೀಸೆ ತಂದು ದೇವರ ಕೋಣೆಯ ಕಪಾಟಿನಲ್ಲಿಟ್ಟೆವು. ಕೊಳ್ಳುವಾಗ ಅದೇ ಕಂಪನಿಯದ್ದನ್ನೇ ಕೊಳ್ಳುತ್ತೇವೆ, ಪ್ರಮಾಣದ ಅಂಕಿಯನ್ನು ಅಂಗಡಿಯಲ್ಲೇ ಎರಡು ಬಾರಿ ಓದುತ್ತೇವೆ, 12.5 ಮತ್ತು 125ರ ನಡುವೆ ಇರುವುದು ಒಂದೇ ಒಂದು ಚುಕ್ಕೆ.

ಪರೀಕ್ಷೆಯ ದಿನ ರಕ್ತ ಕೊಟ್ಟ ನಂತರವೇ ಅಂದಿನ ಮಾತ್ರೆ. ನನ್ನ ಮಗಳು ಅಜ್ಜಿಯ ಕೂದಲಿಗೆಂದು ಪ್ರೀತಿಯಿಂದ ತಂದುಕೊಟ್ಟ ಬಯೋಟಿನ್ ಮಾತ್ರೆಗಳನ್ನು ನಿಲ್ಲಿಸಿದ್ದೇವೆ, ಏಕೆಂದರೆ ಅದು ಕೆಲವು ಬಗೆಯ ಪರೀಕ್ಷೆಗಳನ್ನೇ ದಾರಿ ತಪ್ಪಿಸಿ ಟಿಎಸ್‌ಎಚ್ ಅನ್ನು ಇಲ್ಲದಷ್ಟು ಕಡಿಮೆ ತೋರಿಸಬಲ್ಲದು. ನಮಗೆ ಒಮ್ಮೆ ಆದ ಗೊಂದಲವೇ ಸಾಕು.

ಈಗ ದೊಡ್ಡಮ್ಮನಿಗೆ 79. ಈ ವಾರ ಮತ್ತೆ ಊರಿನಲ್ಲಿದ್ದಾರೆ. ಹೊರಡುವಾಗ ಥೈರಾಯ್ಡ್ ಸೀಸೆಯನ್ನು ಹೂಬುಟ್ಟಿಯ ಜೊತೆಗೂ, ಕ್ಯಾಲ್ಸಿಯಂ ಅನ್ನು ಬೇರೆಯೇ ಬಟ್ಟೆಯಲ್ಲಿ ಗಂಟು ಕಟ್ಟಿ ಹಾಸಿಗೆಯ ಜೊತೆಗೂ ಇಟ್ಟುಕೊಂಡರು. ಅಕ್ಷರ ಕಾಣದಿದ್ದರೂ ಗಂಟು ಕೈಗೆ ಸಿಗುತ್ತದೆ ಎಂದರು. ಬೆಳಿಗ್ಗೆ ಫೋನ್ ಮಾಡಿ ಮಾತ್ರೆ ಆಯಿತೇ ಎಂದು ಕೇಳಿದೆ. ‘ಆಯ್ತು ಮಾರಾಯ್ತಿ. ಪೂಜೆಗೆ ಕೂತಿದ್ದೀನಿ, ಕಾಫಿಗೆ ಇನ್ನೂ ಅರ್ಧ ಗಂಟೆ ಇದೆ, ಫೋನ್ ಇಡು’ ಎಂದರು.